ಶಬ್ದಗಳ ಬೇಟೆ

ನಮ್ಮ ಶಾಲೆಯಲ್ಲಿ ಓದಿ ಹೋದ ಸಹೋದರಿಯರಿಗೆ ಕನ್ನಡ ತರಗತಿಯ ಕರಿಹಲಗೆಯು ಇನ್ನೂ ನೆನಪಿರಬಹುದು. ಎಡಗಡೆಯಲ್ಲಿ ಕಠಿಣ ಪದ, ನಡುವೆ ಎರಡು ಅಡ್ಡಗೆರೆ, ಬಲಗಡೆಯಲ್ಲಿ ಅದರ ಅರ್ಥ. ಅದನ್ನು ನೋಡಿ ಬರೆದುಕೊಂಡು, ಮರುದಿನ ಒಪ್ಪಿಸಿ, ಪರೀಕ್ಷೆಯಾದ ಮೇಲೆ ಮರೆತುಬಿಡುವುದು ವಾಡಿಕೆ. ಹೀಗೆ ಕಲಿತವರಲ್ಲಿಯೂ ಕಲಿಸಿದವರಲ್ಲಿಯೂ ನಾವು ಸೇರಿರುವುದರಿಂದ ಈ ಕ್ರಮವನ್ನು ಹಳಿಯುವ ಅಧಿಕಾರ ನಮಗಿಲ್ಲ. ಆದರೂ ಕೆಲವು ವರ್ಷಗಳ ಹಿಂದೆ ನಡೆದ ಒಂದು ಚಿಕ್ಕ ಸಂಗತಿಯು ನಮ್ಮನ್ನು ಯೋಚನೆಗೆ ಹಚ್ಚಿತು. ಎಂಟನೆಯ ತರಗತಿಯ ಒಬ್ಬ ಬಾಲಿಕೆಯು ‘ಹೊಸ್ತಿಲು’ ಎಂಬ ಪದಕ್ಕೆ ‘ಬಾಗಿಲಿನ ಕೆಳಗಿನ ಅಡ್ಡ ಮರ’ ಎಂದು ತಪ್ಪಿಲ್ಲದೆ ಬರೆದು ಪೂರ್ಣ ಅಂಕವನ್ನು ಪಡೆದಿದ್ದಳು. ಅದೇ ದಿನ ಮಧ್ಯಾಹ್ನ ಮಳೆ ಬರುತ್ತಿರಲು, ಒದ್ದೆಯಾದ ಕೊಡೆಯನ್ನು ಹೊಸ್ತಿಲಿನ ಆಚೆಗೆ ಇಡಮ್ಮಾ ಎಂದು ನಾವು ಅವಳಿಗೆ ಹೇಳಿದೆವು. ಅವಳು ಕೊಡೆಯನ್ನು ಹಿಡಿದುಕೊಂಡು ನಾಲ್ಕು ಕಡೆಗೂ ನೋಡುತ್ತಾ ನಿಂತಳು. ವಿಚಾರಿಸಲಾಗಿ, ಅವಳ ಮನೆಯಲ್ಲಿ ಹೊಸ್ತಿಲೇ ಇಲ್ಲವೆಂದು ತಿಳಿಯಿತು. ಹೊಸ ಮಾದರಿಯ ಅನೇಕ ಮನೆಗಳಲ್ಲಿ ಕೋಣೆಯ ಒಳಗೂ ಹೊರಗೂ ನೆಲವು ಒಂದೇ ಸಮನಾಗಿರುವುದಷ್ಟೆ. ಅರ್ಥವು ಅವಳ ಪುಸ್ತಕದಲ್ಲಿತ್ತು, ವಸ್ತುವು ಅವಳ ಕಾಲ ಬಳಿಯಲ್ಲಿತ್ತು, ಎರಡಕ್ಕೂ ಪರಿಚಯ ಮಾಡಿಸಿದವರು ಯಾರೂ ಇರಲಿಲ್ಲ.

ಈ ಪರಿಚಯಕ್ಕೋಸ್ಕರವೇ ನಾವು ಒಂದು ಆಟವನ್ನು ಪಾಠದೊಳಕ್ಕೆ ತಂದೆವು. ಅದಕ್ಕೆ ಮಕ್ಕಳೇ ‘ಶಬ್ದಗಳ ಬೇಟೆ’ ಎಂದು ಹೆಸರಿಟ್ಟಿದ್ದಾರೆ. ಹುಡುಗಿಯರು ಗುಂಪು ಗುಂಪಾಗಿ ಒಂದು ಚೀಟಿಯನ್ನು ಹಿಡಿದು ಶಾಲೆಯ ಅಂಗಳ, ತೋಟ, ಅಡಿಗೆಮನೆ, ಬಾವಿಯ ಕಟ್ಟೆ ಇವುಗಳನ್ನೆಲ್ಲಾ ಸುತ್ತಿ, ಚೀಟಿಯಲ್ಲಿ ಸೂಚಿಸಿರುವ ವಸ್ತುಗಳನ್ನು ಕಂಡುಹಿಡಿದು, ಅವುಗಳ ಹೆಸರುಗಳೊಡನೆ ಹಿಂದಿರುಗಬೇಕು. ತಾಯ್ತಂದೆಗಳು ಇದನ್ನು ನಮ್ಮನ್ನು ಕೇಳುತ್ತಿರುವುದರಿಂದಲೂ, ಉಪಾಧ್ಯಾಯಿನಿಯರಾಗಿರುವ ಪೂರ್ವ ವಿದ್ಯಾರ್ಥಿನಿಯರು ತಮ್ಮ ಶಾಲೆಗಳಲ್ಲಿ ನಡೆಸಬೇಕೆಂದು ಬರೆಯುತ್ತಿರುವುದರಿಂದಲೂ ಅದರ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ. ನಾವು ಮಾಡಿದ ತಪ್ಪುಗಳನ್ನೂ ಮರೆಮಾಚುವುದಿಲ್ಲ.

ಆಟವು ನಮ್ಮ ಸ್ವಂತ ಕಲ್ಪನೆಯಲ್ಲ. ಪಟ್ಟಿ ಹಿಡಿದು ವಸ್ತುಗಳನ್ನು ಹುಡುಕಿ ತರುವ ಈ ವಿನೋದವನ್ನು ಶ್ರೀಮಂತರ ಔತಣಕೂಟಗಳಲ್ಲಿ ಬಳಕೆಗೆ ತಂದವಳೆಂದು ಎಲ್ಸಾ ಮ್ಯಾಕ್ಸ್‌ವೆಲ್ ಎಂಬ ಅಮೆರಿಕದ ಮಹಿಳೆಯ ಹೆಸರನ್ನು ಹೇಳುತ್ತಾರೆ. ಆಕೆ 1927ರಲ್ಲಿ ಪ್ಯಾರಿಸಿನಲ್ಲಿ ಇಂಥ ಒಂದು ಕೂಟವನ್ನು ನಡೆಸಿದಳು. 1936ರಲ್ಲಿ ಬಂದ ‘ಮೈ ಮ್ಯಾನ್ ಗಾಡ್‌ಫ್ರೀ’ ಎಂಬ ಚಲನಚಿತ್ರದ ಮೊದಲಲ್ಲಿ ನ್ಯೂಯಾರ್ಕಿನ ಧನಿಕರು ಹೀಗೆಯೇ ಬೇಟೆಗೆ ಹೊರಡುತ್ತಾರೆ. ಅವರ ಪಟ್ಟಿಯಲ್ಲಿ ಲೋಕವು ಮರೆತುಬಿಟ್ಟ ಒಬ್ಬ ಮನುಷ್ಯನೂ ಒಂದು ವಸ್ತುವಾಗಿರುತ್ತಾನೆ, ಅವನನ್ನು ಕಸದ ತಿಪ್ಪೆಯ ಬಳಿಯಿಂದ ಕರೆದು ತರುತ್ತಾರೆ. ನಮ್ಮ ಆಟದ ಮೊದಲನೆಯ ನಿಯಮವನ್ನು ನಾವು ಈ ಚಿತ್ರದಿಂದಲೇ ಕಲಿತೆವು. ಯಾವ ಮನುಷ್ಯನೂ ಬೇಟೆಯ ವಸ್ತುವಲ್ಲ. ಅಡಿಗೆಯವರನ್ನೂ ತೋಟದವರನ್ನೂ ಕೇಳಬಹುದು. ಅವರ ಮಾತನ್ನು ಅಣಕಿಸಿ ನಗುವುದಕ್ಕಾಗಿ ತರಕೂಡದು. ಹಾಗೆ ಮಾಡಿದ ಗುಂಪಿನ ಚೀಟಿಯನ್ನು ಅಲ್ಲಿಯೇ ಹಿಂದಕ್ಕೆ ತೆಗೆದುಕೊಳ್ಳುತ್ತೇವೆ.

ಒಂದು ಪಾಠದ ಅವಧಿಯು ಈ ಕೆಲಸಕ್ಕೆ ಸಾಲದು. ಎರಡನ್ನು ಕೂಡಿಸಿ ಒಂದೂವರೆ ಗಂಟೆಯನ್ನಾದರೂ ಇಟ್ಟುಕೊಳ್ಳಬೇಕು. ಅದರಲ್ಲಿ ಹುಡುಕುವುದಕ್ಕೆ ಅರ್ಧ, ತಿರುಗಿ ಬಂದು ಓದಿ ಹೇಳುವುದಕ್ಕೆ ಅರ್ಧ. ಗುಂಪಿಗೆ ನಾಲ್ವರು ಸಾಕು. ನಮ್ಮ ಕರಾವಳಿಯ ಶಾಲೆಯಲ್ಲಿ ಮನೆಯ ಮಾತು ಒಬ್ಬಳದು ತುಳು, ಒಬ್ಬಳದು ಕೊಂಕಣಿ, ಒಬ್ಬಳದು ಬ್ಯಾರಿ, ಇನ್ನೊಬ್ಬಳದು ಘಟ್ಟದ ಮೇಲಿನ ಕನ್ನಡವಾಗಿರುವುದರಿಂದ ನಾಲ್ವರನ್ನೂ ಬೇರೆ ಬೇರೆ ಮನೆಮಾತಿನವರನ್ನಾಗಿ ಆರಿಸುತ್ತೇವೆ. ಗೆಳತಿಯರೇ ಗುಂಪು ಕಟ್ಟಿಕೊಂಡರೆ ಒಂದೇ ಬಗೆಯ ಶಬ್ದಗಳು ಬರುತ್ತವೆ. ಮೊಬೈಲು ಫೋನನ್ನು ಈ ಆಟದಲ್ಲಿ ಮುಟ್ಟುವ ಹಾಗಿಲ್ಲ. ಗಿಡದಿಂದ ಏನನ್ನೂ ಕೀಳಬಾರದು. ಬಿದ್ದಿದ್ದನ್ನು ಮಾತ್ರ ಹೆಕ್ಕಿ ತರಬಹುದು. ತರಲಾಗದ್ದನ್ನು ಚಿತ್ರ ಬರೆದು ತರುವುದು. ಬಾವಿಯ ಕಟ್ಟೆಯ ಬಳಿ ಒಬ್ಬ ಉಪಾಧ್ಯಾಯಿನಿಯು ನಿಂತೇ ಇರಬೇಕು.

ಚೀಟಿಯನ್ನು ಬರೆಯುವುದರಲ್ಲಿಯೇ ಉಪಾಧ್ಯಾಯಿನಿಯ ನಿಜವಾದ ಶ್ರಮವಿದೆ. ‘ಹೊಸ್ತಿಲನ್ನು ಕಂಡುಹಿಡಿಯಿರಿ’ ಎಂದು ಬರೆದರೆ ಹೆಸರನ್ನು ನಾವೇ ಕೊಟ್ಟಂತಾಯಿತು. ವಸ್ತುವಿನ ಕಡೆಗೆ ಬೆರಳು ತೋರಿಸಿ ಹೆಸರನ್ನು ಬಚ್ಚಿಡಬೇಕು. ಒಮ್ಮೆ ಹೀಗೆ ಬರೆದೆವು: ‘ಒಳಗಿನವರೂ ಇದನ್ನು ದಾಟಬೇಕು, ಹೊರಗಿನವರೂ ದಾಟಬೇಕು, ಇದರ ಮೇಲೆ ನಿಲ್ಲಬೇಡವೆಂದು ಅಜ್ಜಿ ಗದರಿಸುತ್ತಾಳೆ.’ ಇನ್ನೊಮ್ಮೆ: ‘ಅಡಿಕೆಯ ಮರವೂ ಹಳೆಯ ಪುಸ್ತಕವೂ ಉದುರಿಸುವ, ಒಂದೇ ಹೆಸರುಳ್ಳ ವಸ್ತು.’ ಇದಕ್ಕೆ ಉತ್ತರವು ‘ಹಾಳೆ’. ಕಾಗದದ ಹಾಳೆಯನ್ನು ದಿನಾಲೂ ಹರಿಯುವ ಮಕ್ಕಳಲ್ಲಿ ಹೆಚ್ಚಿನವರು ಅಡಿಕೆಯ ಹಾಳೆಯನ್ನು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಅದರ ಮೇಲೆ ಒಬ್ಬಳನ್ನು ಕೂರಿಸಿ ಅಂಗಳದ ತುಂಬಾ ಎಳೆದದ್ದರಿಂದ ಆ ಗುಂಪು ಹದಿನೈದು ನಿಮಿಷವನ್ನು ಕಳೆದುಕೊಂಡಿತು. ಅದನ್ನು ನಾವು ನಷ್ಟವೆಂದು ಎಣಿಸಲಿಲ್ಲ.

ಒಂದೇ ವಸ್ತುವಿನ ಬಳಿ ಮಕ್ಕಳನ್ನು ಬಹಳ ಹೊತ್ತು ನಿಲ್ಲಿಸುವ ಚೀಟಿಯೇ ಉತ್ತಮವೆಂದು ನಮ್ಮ ಅನುಭವ. ಹನ್ನೆರಡು ಕಡೆಗೆ ಓಡಿಸುವುದಕ್ಕಿಂತ ಒಂದು ತೆಂಗಿನ ಮರದ ಬುಡದಲ್ಲಿ ನಿಲ್ಲಿಸಿ, ‘ಈ ಮರದಲ್ಲಿ ಎಷ್ಟು ಹೆಸರುಗಳಿವೆ?’ ಎಂದು ಕೇಳಿ ನೋಡಿರಿ. ಮರ, ಎಲೆ, ಕಾಯಿ ಎಂದು ಮೂರು ಹೇಳಿ ಮಕ್ಕಳು ಸುಮ್ಮನಾಗುತ್ತಾರೆ. ಆಮೇಲೆ ತೋಟದ ಅಜ್ಜನನ್ನು ಕೇಳುತ್ತಾರೆ. ಎಲೆಯೆಂದು ತಾವು ಹೇಳಿದ್ದು ಮಡಲು, ಅದರ ಒಂದೊಂದು ಸೀಳು ಗರಿ, ಗರಿಯ ನಡುವಿನದು ಕಡ್ಡಿ, ಮರಕ್ಕೆ ಅಂಟಿಕೊಂಡಿರುವ ದಪ್ಪನೆಯ ಬುಡವು ಕೊತ್ತಳಿಗೆ, ಹೂವಿನ ಗೊಂಚಲು ಹೊಂಬಾಳೆ ಎಂದು ತಿಳಿಯುತ್ತಾ ಹೋಗುತ್ತದೆ. ಕಾಯಿಯೆಂಬುದೂ ಒಂದೇ ಅಲ್ಲ. ಮಿಡಿಯುಂಟು, ಸೀಯಾಳವುಂಟು, ಸೀಯಾಳ ಬಲಿತು ಕಾಯಿಯಾಗುವುದಕ್ಕೆ ಮೊದಲು ಬನ್ನಂಗಾಯಿಯುಂಟು. ಒಡೆದ ಮೇಲೆ ಸಿಪ್ಪೆ, ನಾರು, ಗೆರಟೆ. ಒಣಗಿದ ಮೇಲೆ ಕೊಬ್ಬರಿ. ಅಷ್ಟರಲ್ಲಿ ಗುಂಪಿನಲ್ಲಿಯೇ ತಕರಾರು ಹುಟ್ಟುತ್ತದೆ. ನಮ್ಮಲ್ಲಿ ಗೆರಟೆಯೆನ್ನುವುದನ್ನು ಮೈಸೂರಿನ ಕಡೆಯ ಹುಡುಗಿಯು ಕರಟವೆನ್ನುತ್ತಾಳೆ. ಸೀಯಾಳವನ್ನು ಅವಳು ಎಳನೀರೆನ್ನುತ್ತಾಳೆ, ತುಳುವಿನ ಹುಡುಗಿಯು ಬೊಂಡವೆನ್ನುತ್ತಾಳೆ. ಕಡ್ಡಿಗಳನ್ನು ಕಟ್ಟಿ ಮಾಡಿದ್ದು ಒಬ್ಬಳಿಗೆ ಹಿಡಿಸೂಡಿ, ಒಬ್ಬಳಿಗೆ ಪೊರಕೆ, ಒಬ್ಬಳಿಗೆ ಕಸಬರಿಕೆ. ಯಾವುದು ಸರಿಯೆಂದು ನಮ್ಮ ಬಳಿಗೆ ಓಡಿ ಬಂದರೆ, ಎಲ್ಲವನ್ನೂ ಬರೆದು ಪಕ್ಕದಲ್ಲಿ ಊರಿನ ಹೆಸರನ್ನು ಹಾಕಿರಿ ಎಂದು ಹೇಳುತ್ತೇವೆ.

ಊರನ್ನು ಬರೆಯುವ ಈ ಪದ್ಧತಿಯು ದೊಡ್ಡವರು ಹಾಕಿದ ದಾರಿ. 1853ರಲ್ಲಿ ಜರ್ಮನಿಯಿಂದ ಬಾಸೆಲ್ ಮಿಶನಿನ ಪರವಾಗಿ ಈ ದೇಶಕ್ಕೆ ಬಂದ ಫರ್ಡಿನೆಂಡ್ ಕಿಟ್ಟೆಲರು ತಮ್ಮ ಕನ್ನಡ-ಇಂಗ್ಲಿಷ್ ನಿಘಂಟನ್ನು 1894ರಲ್ಲಿ ಮಂಗಳೂರಿನಲ್ಲಿ ಅಚ್ಚು ಹಾಕಿಸಿದರು. ಸುಮಾರು 70,000 ಶಬ್ದಗಳುಳ್ಳ ಆ ಗ್ರಂಥದಲ್ಲಿ ಹಳಗನ್ನಡ ಕಾವ್ಯದ ಶಬ್ದಗಳೊಂದಿಗೆ ಜನರ ಬಾಯಿಯ ಮಾತುಗಳೂ ಗಾದೆಗಳೂ ಸೇರಿವೆ, ಎಷ್ಟೋ ಶಬ್ದಗಳ ಮುಂದೆ ಅದು ಯಾವ ಸೀಮೆಯ ಬಳಕೆಯೆಂಬ ಗುರುತೂ ಇದೆ. ಕನ್ನಡ ಸಾಹಿತ್ಯ ಪರಿಷತ್ತಿನ ನಿಘಂಟು ಎಂಟು ಸಂಪುಟಗಳಲ್ಲಿ 1995ರ ಹೊತ್ತಿಗೆ ಮುಗಿಯಿತು. ಇಂಥ ಗ್ರಂಥಗಳು ಕಪಾಟಿನಲ್ಲಿ ಬೀಗದೊಳಗೆ ಇರುವುದನ್ನು ಮಾತ್ರ ನೋಡಿದ ಮಕ್ಕಳು, ಶಬ್ದಗಳು ಅಲ್ಲಿಯೇ ಹುಟ್ಟುತ್ತವೆಂದು ತಿಳಿಯುತ್ತಾರೆ. ಅವು ಅಲ್ಲಿಗೆ ಬಂದು ಸೇರಿದವು, ಯಾರೋ ಯಾರನ್ನೋ ಕೇಳಿ ಬರೆದುಕೊಂಡದ್ದರಿಂದ ಸೇರಿದವು ಎಂಬುದು ಬೇಟೆಗೆ ಹೋದ ಹುಡುಗಿಗೆ ಬೇಗನೆ ತಿಳಿಯುತ್ತದೆ.

ಶಬ್ದಗಳ ಕುಲಗೋತ್ರವನ್ನು ಕಲಿಸುವುದಕ್ಕೂ ಈ ಆಟವು ಅನುಕೂಲ. ವ್ಯಾಕರಣದ ಪಾಠದಲ್ಲಿ ತತ್ಸಮ, ತದ್ಭವ ಎಂದ ಕೂಡಲೆ ಆಕಳಿಸುವ ಮಕ್ಕಳಿಗೆ ಹೀಗೊಂದು ಚೀಟಿಯನ್ನು ಕೊಟ್ಟೆವು: ‘ನೀರು ಸೇದುವ ಸ್ಥಳಕ್ಕೆ ಹೋಗಿರಿ, ಸಂಸ್ಕೃತದಿಂದ ಬಂದು ಉಡುಪು ಬದಲಾಯಿಸಿಕೊಂಡ ಇಬ್ಬರು ಅಲ್ಲಿ ಜೊತೆಯಾಗಿ ಕೆಲಸ ಮಾಡುತ್ತಾರೆ.’ ವಾಪಿಯು ಬಾವಿಯಾಗಿದ್ದಾಳೆ, ಪ್ರಗ್ರಹವು ಹಗ್ಗವಾಗಿದೆ. ಹದಿಮೂರನೆಯ ಶತಮಾನದ ಕೇಶಿರಾಜನು ‘ಶಬ್ದಮಣಿದರ್ಪಣ’ದ ಅಪಭ್ರಂಶ ಪ್ರಕರಣದಲ್ಲಿ ಇಂಥ ಮಾರ್ಪಾಡುಗಳಿಗೆ ಸೂತ್ರಗಳನ್ನು ಹೇಳಿದ್ದಾನೆ, ಆ ಗ್ರಂಥವನ್ನೂ ಕಿಟ್ಟೆಲರು 1872ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದರು. ಸೂತ್ರವು ಮಕ್ಕಳಿಗೆ ಕಷ್ಟ. ಆದರೆ ‘ವ’ಕಾರವು ‘ಬ’ಕಾರವಾದದ್ದನ್ನು ಬಾವಿಯ ಕಟ್ಟೆಯ ಮೇಲೆ ಕಂಡವಳು, ವರ್ಣವೇ ಬಣ್ಣ, ವರ್ತಿಯೇ ದೀಪದ ಬತ್ತಿ ಎಂದು ತಾನಾಗಿಯೇ ಹೇಳುತ್ತಾಳೆ.

ದೂರದಿಂದ ಬಂದ ಅತಿಥಿಗಳನ್ನು ಹುಡುಕುವ ಚೀಟಿಗಂತೂ ತರಗತಿಯ ಕೋಣೆಯೊಂದೇ ಸಾಕು. ‘ಹಡಗಿನಲ್ಲಿ ಬಂದು ನಮ್ಮ ಬೀಗವನ್ನು ತೆರೆದವಳು’ ಎಂದರೆ ಚಾವಿ. ಅದು ಪೋರ್ಚುಗೀಸರ ಮಾತು. ಅವರು 1510ರಲ್ಲಿ ಗೋವೆಯನ್ನು ಹಿಡಿದ ಮೇಲೆ ಪಶ್ಚಿಮ ಕರಾವಳಿಯ ಉದ್ದಕ್ಕೂ ಅವರ ಮಾತುಗಳು ಮನೆಮನೆಗೆ ಹೊಕ್ಕವು. ನೀರು ತುಂಬುವ ಬಾಲ್ದಿಯೂ ಪುಸ್ತಕವಿಡುವ ಅಲಮಾರಿಯೂ ಅದೇ ಬಳಗ. ನಾವು ಕುಳಿತುಕೊಳ್ಳುವ ಕುರ್ಚಿಯೂ ದಿನವೂ ಕೂಗುವ ಹಾಜರಿಯೂ ಅರಬ್ಬಿಯಿಂದ ಬಂದವು. ಕಾಗದವೂ ಶಾಯಿಯೂ ಪಾರಸಿಯ ದಾರಿಯಿಂದ ಬಂದವು. ಬೆಂಚು ಇಂಗ್ಲಿಷಿನದೆಂದು ಯಾರಾದರೂ ಹೇಳಿಯಾರು. ಮಕ್ಕಳಿಗೆ ಬಹಳ ಹಿಡಿಸಿದ್ದು ಸೀಮೆಸುಣ್ಣ. ಸುಣ್ಣವು ನಮ್ಮದು, ‘ಸೀಮೆ’ಯೆಂದರೆ ಇಲ್ಲಿ ಕಡಲಾಚೆಯದು. ಹೊಸ ವಸ್ತು ಬಂದಾಗ ನಮ್ಮ ಹಿರಿಯರು ಹೊಸ ಹೆಸರಿಗೋಸ್ಕರ ತಲೆ ಕೆಡಿಸಿಕೊಳ್ಳದೆ, ಮನೆಯಲ್ಲಿದ್ದ ಹೆಸರಿಗೇ ‘ಸೀಮೆ’ಯನ್ನು ಕಟ್ಟಿ ಸೀಮೆಎಣ್ಣೆ, ಸೀಮೆಹಸು, ಸೀಮೆಬದನೆ ಎಂದುಬಿಟ್ಟರು. ಇದನ್ನು ಕೇಳಿದ ಒಬ್ಬ ಹುಡುಗಿಯು ಗಣಕಯಂತ್ರವನ್ನು ‘ಸೀಮೆಹಲಗೆ’ಯೆಂದು ಕರೆದಳು. ಆ ದಿನದ ಬಹುಮಾನವು ಅವಳಿಗೇ ಸಂದಿತು.

ಈಗ ನಮ್ಮ ತಪ್ಪಿನ ವಿಷಯ. ಮೊದಲನೆಯ ವರ್ಷ ನಾವು ಶಬ್ದಗಳನ್ನು ಎಣಿಸಿ ಬಹುಮಾನ ಕೊಡುತ್ತಿದ್ದೆವು. ಅದರ ಫಲವಾಗಿ ಜಾಣ ಮಕ್ಕಳು ತೋಟಕ್ಕೆ ಹೋಗದೆ ಪುಸ್ತಕಭಂಡಾರಕ್ಕೆ ಹೋಗಿ ನಲವತ್ತು ಐವತ್ತು ಶಬ್ದಗಳನ್ನು ಇಳಿಸಿಕೊಂಡು ಬಂದರು. ಇದು ಸಣ್ಣ ತಪ್ಪು. ದೊಡ್ಡದು ಬೇರೆ. ಶಾಲೆಯ ಹಿತ್ತಿಲಿನಲ್ಲಿ ಒಂದು ಪೇರಳೆಯ ಮರವಿದೆಯೆಂದು ನಿಮಗೆ ತಿಳಿದೇ ಇದೆ. ಅದರ ಕೊಂಬೆಗಳು ಬಗ್ಗಿರುವುದಕ್ಕೆ ನಿಮ್ಮಲ್ಲಿ ಕೆಲವರು ಕಾರಣರು. ‘ಈ ಮರದ ಒಂದು ಕಾಯಿಗೆ ಎಷ್ಟು ವಯಸ್ಸುಗಳಿವೆ?’ ಎಂದು ಚೀಟಿಯಲ್ಲಿ ಕೇಳಿದ್ದೆವು. ಘಟ್ಟದ ಮೇಲಿನಿಂದ ಬಂದು ವಸತಿಗೃಹದಲ್ಲಿದ್ದ, ತರಗತಿಯಲ್ಲಿ ಬಾಯಿ ತೆರೆಯದಿದ್ದ ಒಬ್ಬ ಹುಡುಗಿಯು ಹೀಗೆ ಬರೆದಳು: ಹೀಚು, ಕಾಯಿ, ದೋರೆಗಾಯಿ, ಹಣ್ಣು. ನಾವು ಕೆಂಪು ಶಾಯಿಯಿಂದ ದೀರ್ಘವನ್ನು ಹೊಡೆದುಹಾಕಿ ‘ದೊರೆ’ಯೆಂದು ತಿದ್ದಿದೆವು. ಅಷ್ಟಕ್ಕೇ ನಿಲ್ಲಿಸದೆ, ಅರಸನಿಗೂ ಪೇರಳೆಕಾಯಿಗೂ ಏನಮ್ಮಾ ಸಂಬಂಧವೆಂದು ಕೇಳಿದೆವು. ತರಗತಿಯೆಲ್ಲಾ ನಕ್ಕಿತು. ಅವಳು ಏನೂ ಹೇಳಲಿಲ್ಲ. ಮುಂದಿನ ಬೇಟೆಯಲ್ಲಿ ಅವಳ ಚೀಟಿಯ ಮೇಲೆ ಪಾಠಪುಸ್ತಕದಲ್ಲಿಲ್ಲದ ಒಂದು ಶಬ್ದವೂ ಇರಲಿಲ್ಲ.

ಎರಡು ತಿಂಗಳಾದ ಮೇಲೆ ಬೇರೆ ಯಾವುದೋ ಶಬ್ದಕ್ಕಾಗಿ ನಿಘಂಟಿನಲ್ಲಿ ‘ದ’ಕಾರದ ಪುಟಗಳನ್ನು ತಿರುವುತ್ತಿರುವಾಗ ‘ದೋರೆ’ಯು ಕಣ್ಣಿಗೆ ಬಿತ್ತು. ಹಣ್ಣಾಗುವುದಕ್ಕೆ ಹತ್ತಿರವಾದ, ಇನ್ನೂ ಪೂರ್ತಿ ಮಾಗದ ಕಾಯಿ. ಹಾಗೆಂದರೆ ಅವಳು ಬರೆದದ್ದು ಅಕ್ಷರಶಃ ಸರಿ, ನಾವು ತಿದ್ದಿದ್ದು ತಪ್ಪು. ಕರಾವಳಿಯಲ್ಲಿ ಹುಟ್ಟಿ ಬೆಳೆದ ನಮ್ಮ ಕಿವಿಗೆ ಬೀಳದ ಮಾತು ಕನ್ನಡವೇ ಅಲ್ಲವೆಂದು ನಾವು ತಿಳಿದಿದ್ದೆವು. ಮಾರನೆಯ ದಿನ ತರಗತಿಯ ಮುಂದೆಯೇ ಅದನ್ನು ಒಪ್ಪಿಕೊಂಡು, ಅವಳ ಚೀಟಿಯನ್ನು ತರಿಸಿ, ಕೆಂಪು ಗೆರೆಯನ್ನು ಅಳಿಸಿ ನಮ್ಮ ರುಜುವನ್ನು ಹಾಕಿದೆವು. ಕೂಡಲೆ ಅವಳು ಮಾತನಾಡುವವಳಾದಳೆಂದು ಹೇಳಿದರೆ ಸುಳ್ಳಾದೀತು. ಒಮ್ಮೆ ನಗಿಸಿಕೊಂಡ ಮಗುವು ಅಷ್ಟು ಬೇಗನೆ ನಂಬುವುದಿಲ್ಲ. ಆ ವರ್ಷದ ಕೊನೆಯ ಬೇಟೆಯಲ್ಲಿ, ಮಾವಿನ ಚಿಕ್ಕ ಮಿಡಿಯೊಂದನ್ನು ಮೇಜಿನ ಮೇಲೆ ಇಟ್ಟು, ಇದಕ್ಕೆ ನಮ್ಮ ಊರಿನಲ್ಲಿ ಬೇರೆ ಹೆಸರಿದೆ ಎಂದಷ್ಟು ಹೇಳಿದಳು. ಹೆಸರನ್ನು ಹೇಳುವುದಕ್ಕೆ ಮೊದಲು ನಮ್ಮ ಮುಖವನ್ನು ನೋಡಿದಳು.

ಅಂದಿನಿಂದ ಎಣಿಕೆಯ ಪದ್ಧತಿಯನ್ನು ಬಿಟ್ಟಿದ್ದೇವೆ. ಪ್ರತಿಯೊಂದು ಶಬ್ದದ ಜೊತೆಯಲ್ಲಿ ಮೂರು ಸಂಗತಿಗಳು ಬರಬೇಕು: ವಸ್ತು ಅಥವಾ ಅದರ ಚಿತ್ರ, ಆ ಶಬ್ದವನ್ನು ಬಳಸಿದ ಒಂದು ಸ್ವಂತ ವಾಕ್ಯ, ಅದನ್ನು ಹೇಳಿಕೊಟ್ಟವರು ಮತ್ತು ಅವರ ಊರು. ಉಪಾಧ್ಯಾಯಿನಿಗೆ ತಿಳಿಯದ ಶಬ್ದವನ್ನು ತಂದವರಿಗೆ ಹೆಚ್ಚಿನ ಅಂಕ. ನಿಘಂಟಿನಲ್ಲಿ ಕಾಣದ ಶಬ್ದವನ್ನು ಹೊಡೆದುಹಾಕುವುದಿಲ್ಲ. ಪೆನ್ಸಿಲಿನಲ್ಲಿ ಬರೆದಿಟ್ಟು, ಮತ್ತೊಬ್ಬರ ಬಾಯಿಯಲ್ಲಿ ಕೇಳಿದ ದಿನ ಅದಕ್ಕೆ ಶಾಯಿ ಹಾಕುತ್ತೇವೆ. ತಪ್ಪು ಕಾಗುಣಿತವನ್ನು ತಿದ್ದುವುದಿಲ್ಲವೆಂದು ಇದರ ಅರ್ಥವಲ್ಲ. ಆದರೆ ಕೆಂಪು ಶಾಯಿಯ ಲೇಖನಿಯನ್ನು ಎತ್ತುವುದಕ್ಕೆ ಮೊದಲು, ಇದನ್ನು ನಿನಗೆ ಹೇಳಿದವರು ಯಾರು ಎಂದು ಕೇಳುವ ಅಭ್ಯಾಸವನ್ನು ಮಾಡಿಕೊಂಡಿದ್ದೇವೆ.

ಕೇಳುವ ರೀತಿಯನ್ನೂ ಕಲಿಸಬೇಕು. ‘ಇದರ ಹೆಸರೇನು?’ ಎಂದು ಓಡುತ್ತಾ ಕೂಗಿದರೆ ಕೆಲಸದಲ್ಲಿರುವವರು ಉತ್ತರ ಕೊಡುವುದಿಲ್ಲ, ಕೊಡಬೇಕಾದದ್ದೂ ಇಲ್ಲ. ‘ಅಕ್ಕಾ, ಸ್ವಲ್ಪ ಪುರುಸೊತ್ತಿದೆಯೇ? ಇದಕ್ಕೆ ನಿಮ್ಮ ಮನೆಯಲ್ಲಿ ಏನೆನ್ನುತ್ತಾರೆ?’ ಎಂದು ಕೇಳಬೇಕು. ಹೇಳಿಕೊಟ್ಟವರ ಹೆಸರನ್ನು ತರಗತಿಯಲ್ಲಿ ಗಟ್ಟಿಯಾಗಿ ಓದುತ್ತೇವೆ. ಅಡಿಗೆಮನೆಯಲ್ಲಿ ಕೆಲಸ ಮಾಡುವ ಒಬ್ಬ ಹಿರಿಯ ಅಕ್ಕನವರ ಹೆಸರು ಒಂದೇ ದಿನದಲ್ಲಿ ಒಂಬತ್ತು ಸಲ ಬಂತು. ಅವರು ಬಾಗಿಲಿನ ಬಳಿ ನಿಂತು ಅದನ್ನು ಕೇಳುತ್ತಿದ್ದರೆಂದು ನಮಗೆ ಆಮೇಲೆ ತಿಳಿಯಿತು.

ತಾಯ್ತಂದೆಗಳಿಗೆ ಒಂದು ಮಾತು. ಈ ಆಟಕ್ಕೆ ಶಾಲೆಯೇ ಬೇಕೆಂದಿಲ್ಲ. ನಿಮ್ಮ ಅಡಿಗೆಮನೆಯಲ್ಲಿ ಒಂದು ಸಂಜೆ ಸಾಕು. ಅಲ್ಲಿ ವಸ್ತುಗಳ ಹೆಸರಿಗಿಂತ ಕ್ರಿಯಾಪದಗಳನ್ನು ಹುಡುಕಿಸಿರಿ. ನಮ್ಮ ಮಕ್ಕಳ ಬರವಣಿಗೆಯಲ್ಲಿ ಎಲ್ಲದಕ್ಕೂ ‘ಮಾಡು’ ಎಂಬ ಒಂದೇ ಕ್ರಿಯಾಪದವು ದುಡಿದು ಸೊರಗಿದೆ: ‘ಅಕ್ಕಿಯನ್ನು ಕ್ಲೀನ್ ಮಾಡಿದಳು, ಮಿಕ್ಸ್ ಮಾಡಿದಳು, ಕಟ್ ಮಾಡಿದಳು.’ ಅಕ್ಕಿಯು ಅನ್ನವಾಗುವ ತನಕ ಅಜ್ಜಿಯ ಕೈ ಮಾಡುವ ಕೆಲಸಗಳನ್ನು ನೋಡಿ ಬರೆಯಲು ಹೇಳಿರಿ. ಮೊರದಲ್ಲಿ ಕೇರುತ್ತಾಳೆ, ಕಲ್ಲನ್ನು ಆರಿಸುತ್ತಾಳೆ, ತೊಳೆಯುತ್ತಾಳೆ, ಜಾಲಿಸುತ್ತಾಳೆ, ಬೇಯಿಸುತ್ತಾಳೆ, ಗಂಜಿಯನ್ನು ಬಸಿಯುತ್ತಾಳೆ. ತೆಂಗಿನಕಾಯಿಯನ್ನು ತುರಿಯುವುದು ಬೇರೆ, ಮೆಣಸನ್ನು ಹುರಿಯುವುದು ಬೇರೆ, ಎರಡನ್ನೂ ಅರೆಯುವುದು ಬೇರೆ. ಒನಕೆಯಿಂದ ಕುಟ್ಟುವುದಕ್ಕೂ ಬೀಸುವ ಕಲ್ಲಿನಲ್ಲಿ ಬೀಸುವುದಕ್ಕೂ ಅಂತರವುಂಟು. ಮೊರವು ಮನೆಯಲ್ಲಿಲ್ಲದಿದ್ದರೆ ‘ಕೇರು’ ಎಂಬ ಕ್ರಿಯೆಯನ್ನು ಮಗುವು ಎಲ್ಲಿ ಕಂಡೀತು? ಅಂಥ ಮನೆಯವರು ರಜೆಯಲ್ಲಿ ಅಜ್ಜಿಯ ಊರಿಗೆ ಹೋದಾಗ ಮಗುವಿನ ಕೈಯಲ್ಲಿ ಒಂದು ಚೀಟಿಯನ್ನು ಕೊಟ್ಟು ಕಳುಹಿಸಬಹುದು. ನಿಮ್ಮ ಮನೆಯ ಮಾತು ಕನ್ನಡವಲ್ಲದಿದ್ದರೂ ಚಿಂತೆಯಿಲ್ಲ. ತುಳುವಿನ ಹೆಸರು ಒಂದು ಕಡೆ, ಕನ್ನಡದ ಹೆಸರು ಒಂದು ಕಡೆ ಬರೆದು ತರಲಿ.

ಮಕ್ಕಳು ಇದುವರೆಗೆ ತಂದ ಶಬ್ದಗಳನ್ನೆಲ್ಲಾ ಒಂದು ದಪ್ಪನೆಯ ಪುಸ್ತಕದಲ್ಲಿ ಬರೆದು ರಟ್ಟು ಕಟ್ಟಿಸಿ, ಪುಸ್ತಕಭಂಡಾರದ ಮೇಜಿನ ಮೇಲೆ ಇಟ್ಟಿದ್ದೇವೆ, ಅದಕ್ಕೆ ಬೀಗವಿಲ್ಲ. ಪೆನ್ಸಿಲಿನ ಶಬ್ದಗಳು ಅದರಲ್ಲಿ ಇನ್ನೂ ಬಹಳ ಇವೆ. ಪೂರ್ವ ವಿದ್ಯಾರ್ಥಿನಿಯರ ಸಮ್ಮೇಳನಕ್ಕೆ ಬರುವ ಸಹೋದರಿಯರು ಅದನ್ನು ತಿರುವಿ ನೋಡಬೇಕೆಂದೂ, ತಮ್ಮ ಮನೆಯಲ್ಲಿ ಕೇಳಿದ ಶಬ್ದವು ಪೆನ್ಸಿಲಿನಲ್ಲಿ ಕಂಡರೆ ಅದರ ಮೇಲೆ ಶಾಯಿಯಿಂದ ಬರೆದು ಪಕ್ಕದಲ್ಲಿ ತಮ್ಮ ಊರಿನ ಹೆಸರನ್ನು ಹಾಕಬೇಕೆಂದೂ ಕೇಳಿಕೊಳ್ಳುತ್ತೇವೆ. ಹಣ್ಣು ಕಾಯಿಗಳ ಹೆಸರುಗಳು ನಲವತ್ತೆರಡನೆಯ ಪುಟದಿಂದ ಮೊದಲಾಗುತ್ತವೆ. ಕೆಂಪು ಗೆರೆಯ ಗುರುತುಳ್ಳ ಚೀಟಿಯನ್ನು ಅಲ್ಲಿಯೇ ಅಂಟಿಸಿದೆ.